ರೆಸಿಸ್ಟೆನ್ಸ್ ಸೊನ್ನೆ ಅಂದಮೇಲೆ ಶಕ್ತಿ ಸೋರುವುದೆಲ್ಲಿ?

ಪ್ರಶ್ನೆ: ನಾನು ಎಂ.ಎಸ್ಸಿ. ಫಿಸಿಕ್ಸ್ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ಸೂಪರ್‌ಕಂಡಕ್ಟಿಂಗ್ ರೆಸೊನೇಟರ್ (ಮೈಕ್ರೋವೇವ್ ಶಕ್ತಿಯನ್ನು ಒಂದು ಫ್ರೀಕ್ವೆನ್ಸಿಯಲ್ಲಿ ಹಿಡಿದಿಡುವ ಸರ್ಕ್ಯೂಟ್) ವಿಷಯ ತೆಗೆದುಕೊಂಡಿದ್ದೇನೆ. ಸೂಪರ್‌ಕಂಡಕ್ಟರ್‌ನಲ್ಲಿ ರೆಸಿಸ್ಟೆನ್ಸೇ ಇಲ್ಲ ಅಂದಮೇಲೆ ನಷ್ಟ ಎಲ್ಲಿಂದ ಬರುತ್ತದೆ? ಪವರ್ ಇಳಿಸಿದಷ್ಟೂ ನಷ್ಟ ಜಾಸ್ತಿ ಆಗುತ್ತದಂತೆ, ಇದು ಉಲ್ಟಾ ಅಲ್ವಾ? ಒಂದು ಪೇಪರ್‌ನಲ್ಲಿ ಟ್ಯಾಂಟಲಮ್ ರೆಸೊನೇಟರ್‌ನ ಕ್ಯೂ (ನಷ್ಟ ಕಡಿಮೆ ಇದ್ದಷ್ಟೂ ಜಾಸ್ತಿಯಾಗುವ ಸಂಖ್ಯೆ) 10 ಲಕ್ಷ, ಇನ್ನೊಂದರಲ್ಲಿ 1 ಕೋಟಿ. ಲೋಹ ಒಂದೇ, ಯಾವುದನ್ನು ನಂಬಲಿ? ಕೊನೆಯದಾಗಿ, ನಮ್ಮಲ್ಲಿ ಡೈಲ್ಯೂಷನ್ ಫ್ರಿಜ್ (ಮಿಲಿಕೆಲ್ವಿನ್‌ವರೆಗೆ ತಣ್ಣಗೆ ಮಾಡುವ ಯಂತ್ರ) ಇಲ್ಲ, ದ್ರವ ಹೀಲಿಯಂ ಸಿಗುತ್ತದೆ. ಅದರಲ್ಲೇ ಅಳೆಯಬಹುದಾ?

ಉತ್ತರ: ಮೊದಲು ಮೂರನೆಯದಕ್ಕೆ ಹೇಳಿಬಿಡುತ್ತೇನೆ. ಎರಡೂ ಪೇಪರ್ ಸರಿಯಿರಬಹುದು. ಆದರೆ ಎರಡರಲ್ಲೂ ಬರೆದಿರುವುದು ಟ್ಯಾಂಟಲಮ್‌ನ ಗುಣ ಅಲ್ಲ. ಆ ಚಿಪ್‌ನ, ಆ ಆಕಾರದ, ಆ ಪವರ್‌ನ, ಆ ಚಿಪ್ ಇಟ್ಟ ಡಬ್ಬಿಯ ಗುಣ. ಕ್ಯೂ ಅನ್ನುವ ಒಂದೇ ಸಂಖ್ಯೆಯೊಳಗೆ ಇವೆಲ್ಲ ಸೇರಿಕೊಂಡಿರುತ್ತವೆ. ಅದನ್ನು ಬಿಡಿಸಿ, ಇದರಲ್ಲಿ ವಸ್ತುವಿನ ಪಾಲು ಇಷ್ಟು ಅಂತ ತೋರಿಸುವುದೇ ಈ ಕೆಲಸದ ಕಷ್ಟದ ಭಾಗ. ಫ್ರಿಜ್ ತಣ್ಣಗೆ ಮಾಡಿ ಗ್ರಾಫ್ ತೆಗೆಯುವುದು ಅದರ ಮುಂದೆ ಸುಲಭ.

ಈಗ ಮೊದಲ ಪ್ರಶ್ನೆ. ರೆಸಿಸ್ಟೆನ್ಸ್ ಸೊನ್ನೆ ಅನ್ನುವುದು ಡಿಸಿ ಕರೆಂಟ್‌ಗೆ ಮಾತ್ರ. ಮೈಕ್ರೋವೇವ್‌ನಲ್ಲಿ ಕರೆಂಟ್ ಸೆಕೆಂಡಿಗೆ ನೂರಾರು ಕೋಟಿ ಸಲ ದಿಕ್ಕು ಬದಲಿಸುತ್ತದೆ. ಸೂಪರ್‌ಕಂಡಕ್ಟರ್‌ನಲ್ಲಿ ಕರೆಂಟ್ ಹೊರುವ ಎಲೆಕ್ಟ್ರಾನ್ ಜೋಡಿಗಳಿಗೂ, ಅಂದರೆ ಕೂಪರ್ ಜೋಡಿಗಳಿಗೂ ತೂಕ ಇದೆಯಲ್ಲ, ಅವುಗಳನ್ನು ಹಿಂದೆ ಮುಂದೆ ಓಡಿಸಲು ಲೋಹದ ಒಳಗೆ ಸ್ವಲ್ಪ ವಿದ್ಯುತ್ ಕ್ಷೇತ್ರ ಬೇಕಾಗುತ್ತದೆ. ಆ ಕ್ಷೇತ್ರ ಜೋಡಿಯಾಗದೆ ಉಳಿದ ಎಲೆಕ್ಟ್ರಾನ್‌ಗಳನ್ನೂ, ಅಂದರೆ ಕ್ವಾಸಿಪಾರ್ಟಿಕಲ್‌ಗಳನ್ನೂ ತಳ್ಳುತ್ತದೆ. ಅಲ್ಲಿ ನಷ್ಟ ಹುಟ್ಟುತ್ತದೆ. ಆದರೆ ಇದು ದೊಡ್ಡ ಕಳ್ಳ ಅಲ್ಲ. ಟ್ಯಾಂಟಲಮ್ ಸುಮಾರು 4.4 ಕೆಲ್ವಿನ್‌ನಲ್ಲಿ ಸೂಪರ್‌ಕಂಡಕ್ಟರ್ ಆಗುತ್ತದೆ, ನಿಯೋಬಿಯಂ 9.2ರಲ್ಲಿ, ಅಲ್ಯೂಮಿನಿಯಂ 1.2ರಲ್ಲಿ. ಅಳತೆ ಮಾಡುವುದು 10–20 ಮಿಲಿಕೆಲ್ವಿನ್‌ನಲ್ಲಿ. ಅಷ್ಟು ತಣ್ಣಗೆ ಹೋದಾಗ ಬರೀ ಶಾಖದಿಂದ ಹುಟ್ಟುವ ಕ್ವಾಸಿಪಾರ್ಟಿಕಲ್ ಲೆಕ್ಕಕ್ಕೇ ಬರುವುದಿಲ್ಲ.

ಹಾಗಾದರೆ ಶಕ್ತಿ ಹೋಗುವುದೆಲ್ಲಿ? ಲೋಹದಲ್ಲಿ ಅಲ್ಲ, ಲೋಹದ ಸುತ್ತ ಇರುವ ಇನ್ಸುಲೇಟರ್‌ನಲ್ಲಿ. ಅದರಲ್ಲೂ ಮೇಲ್ಮೈಯ ಕೆಲವೇ ನ್ಯಾನೋಮೀಟರ್ ದಪ್ಪದ ಪದರದಲ್ಲಿ. ಲೋಹವನ್ನು ಗಾಳಿಗೆ ತೋರಿಸಿದ ಕೂಡಲೇ ಅದರ ಮೇಲೆ ಆಕ್ಸೈಡ್ ಕೂರುತ್ತದೆ. ಸಿಲಿಕಾನ್ ಮೇಲೂ ಅಷ್ಟೇ. ಲೋಹ ಮತ್ತು ಅದರ ಅಡಿಯ ಹರಳು, ಅಂದರೆ ಸಬ್‌ಸ್ಟ್ರೇಟ್, ಮುಟ್ಟುವ ಜಾಗದಲ್ಲಿ ಹಿಂದಿನ ಹಂತದಲ್ಲಿ ಸರಿಯಾಗಿ ತೊಳೆಯದೆ ಬಿಟ್ಟ ಕೊಳೆ, ವಿನ್ಯಾಸ ಮೂಡಿಸಲು ಬಳಿದ ರೆಸಿಸ್ಟ್‌ನ ಚೂರು ಉಳಿದಿರುತ್ತವೆ. ಈ ಪದರಗಳಲ್ಲಿ ಪರಮಾಣುಗಳು ಹರಳಿನ ಹಾಗೆ ಶಿಸ್ತಾಗಿ ಕೂತಿರುವುದಿಲ್ಲ. ಒಂದು ಪರಮಾಣುವೋ ಪರಮಾಣುಗಳ ಪುಟ್ಟ ಗುಂಪೋ ಅಕ್ಕಪಕ್ಕದ ಎರಡು ಸ್ಥಾನಗಳಲ್ಲಿ ಎಲ್ಲಿ ಬೇಕಾದರೂ ಇರಬಹುದು, ಒಂದರಿಂದ ಇನ್ನೊಂದಕ್ಕೆ ಟನೆಲ್ ಆಗಿ ದಾಟಬಹುದು. ಇದನ್ನೇ ಟೂ ಲೆವೆಲ್ ಸಿಸ್ಟಮ್, ಚಿಕ್ಕದಾಗಿ ಟಿಎಲ್ಎಸ್ ಅನ್ನುತ್ತಾರೆ. ಇದಕ್ಕೆ ವಿದ್ಯುತ್ ಡೈಪೋಲ್ ಇದ್ದರೆ, ಅದರ ಎರಡು ಮಟ್ಟಗಳ ನಡುವಿನ ಅಂತರ ನಮ್ಮ ಫೋಟಾನ್‌ನ ಶಕ್ತಿಗೆ ಹೊಂದಿಬಿಟ್ಟರೆ, ಅದು ಫೋಟಾನನ್ನು ನುಂಗುತ್ತದೆ.

ಈ ಕಲ್ಪನೆ ಹೊಸದಲ್ಲ. ಗಾಜಿನಂಥ ವಸ್ತುಗಳು ತುಂಬ ತಣ್ಣಗಾದಾಗ ವಿಚಿತ್ರವಾಗಿ ವರ್ತಿಸುವುದನ್ನು ವಿವರಿಸಲು ಆಂಡರ್ಸನ್, ಹಾಲ್ಪರಿನ್, ವರ್ಮಾ ಒಂದು ಕಡೆ, ಫಿಲಿಪ್ಸ್ ಇನ್ನೊಂದು ಕಡೆ, 1972ರಲ್ಲೇ ಇದನ್ನು ಬರೆದಿದ್ದರು. ಕ್ವಾಂಟಮ್ ಕಂಪ್ಯೂಟರ್‌ನ ಮೂಲ ಘಟಕಗಳಾದ ಕ್ಯೂಬಿಟ್‌ಗಳಿಗೆ ಇದೇ ಮುಖ್ಯ ಶತ್ರು ಅಂತ ಗಟ್ಟಿಯಾಗಿ ತೋರಿಸಿದ್ದು 2005ರಲ್ಲಿ, ಜಾನ್ ಮಾರ್ಟಿನಿಸ್ ಮತ್ತು ಜೊತೆಯವರು. 2025ರ ಭೌತಶಾಸ್ತ್ರ ನೊಬೆಲ್ ಹಂಚಿಕೊಂಡ ಮೂವರಲ್ಲಿ ಒಬ್ಬರಲ್ಲವೇ, ಅವರೇ. ನೊಬೆಲ್ ಬಂದದ್ದು ಬೇರೆ, ಇನ್ನೂ ಹಳೆಯ ಕೆಲಸಕ್ಕೆ. ಒಳ್ಳೆಯ ಇನ್ಸುಲೇಟರ್ ಹಾಕಿ ಸರ್ಕ್ಯೂಟ್ ಮತ್ತೆ ವಿನ್ಯಾಸ ಮಾಡಿದ್ದಕ್ಕೇ ಅವರ ಕ್ಯೂಬಿಟ್‌ನಿಂದ ಶಕ್ತಿ ಸೋರುವ ವೇಗ 20 ಪಟ್ಟು ಕಡಿಮೆಯಾಯಿತು. ಕ್ವಾಂಟಮ್ ಕಂಪ್ಯೂಟರ್ ಅಂದಕೂಡಲೇ ಅಲ್ಗಾರಿದಮ್ ನೆನಪಾಗುತ್ತದೆ ಜನರಿಗೆ. ಆದರೆ ಇಲ್ಲಿ ಎಷ್ಟೋ ದೊಡ್ಡ ಹೆಜ್ಜೆಗಳು ಬಂದಿರುವುದು ಹೀಗೆ, ಕೊಳೆ ತೊಳೆಯುವುದರಿಂದ, ಆಕ್ಸೈಡ್ ಬದಲಿಸುವುದರಿಂದ.

ಪವರ್ ಪ್ರಶ್ನೆಗೆ ಬರೋಣ. ನಿಮ್ಮ ಅನುಮಾನ ಸಹಜ. ಮನೆಯ ವೈರ್‌ನಲ್ಲಿ ಕರೆಂಟ್ ಜಾಸ್ತಿ ಹರಿದರೆ ಜಾಸ್ತಿ ಬಿಸಿಯಾಗುತ್ತದೆ, ಇಲ್ಲೇಕೆ ಉಲ್ಟಾ? ನಷ್ಟ ಅಂತ ನಾವು ಇಲ್ಲಿ ಹೇಳುವುದು ಒಟ್ಟು ಎಷ್ಟು ಹೋಯಿತು ಅನ್ನುವುದನ್ನಲ್ಲ, ಇರುವುದರಲ್ಲಿ ಎಷ್ಟು ಭಾಗ ಹೋಯಿತು ಅನ್ನುವುದನ್ನು. ಪಂಕ್ತಿಯಲ್ಲಿ 20 ಜನ ಊಟಕ್ಕೆ ಕೂತಿದ್ದಾರೆ ಅಂದುಕೊಳ್ಳಿ. 20 ಜನಕ್ಕಾಗುವಷ್ಟೇ ಅಡುಗೆ ಮಾಡಿದ್ದರೆ ಪಾತ್ರೆ ಖಾಲಿ. 10,000 ಜನಕ್ಕಾಗುವಷ್ಟು ಮಾಡಿದ್ದರೂ ತಿನ್ನುವವರು ಅದೇ 20 ಜನ, ಅವರ ಹೊಟ್ಟೆ ತುಂಬಿದ ಮೇಲೆ ಪಾತ್ರೆಯಲ್ಲಿ ಕಡಿಮೆಯಾಗಿದ್ದೇ ಗೊತ್ತಾಗುವುದಿಲ್ಲ. ಟಿಎಲ್ಎಸ್ ಕೂಡ ಒಂದು ಫೋಟಾನ್ ನುಂಗಿ ಮೇಲಿನ ಮಟ್ಟಕ್ಕೆ ಹೋದಮೇಲೆ, ಆ ಶಕ್ತಿಯನ್ನು ಶಾಖವಾಗಿ ಹೊರಗೆ ಬಿಡುವ ತನಕ ಇನ್ನೊಂದನ್ನು ನುಂಗಲಾರದು. ಫೋಟಾನ್‌ಗಳು ಸಾಲಾಗಿ ಬರುತ್ತಿದ್ದರೆ ಅದು ತುಂಬಿ ಹೋಗಿ ಸುಮ್ಮನಾಗುತ್ತದೆ. ಇದನ್ನೇ ಸ್ಯಾಚುರೇಶನ್ ಅನ್ನುವುದು. ಸಾದಾ ಮಾದರಿಯಲ್ಲಿ, ಫೋಟಾನ್ ಸಂಖ್ಯೆ ಒಂದು ಮಿತಿ ದಾಟಿದ ಮೇಲೆ ಟಿಎಲ್ಎಸ್ ನಷ್ಟ ಅದರ ವರ್ಗಮೂಲದ ಪ್ರಕಾರ ಇಳಿಯುತ್ತಾ ಹೋಗುತ್ತದೆ. ನಿಜವಾದ ಚಿಪ್‌ನಲ್ಲಿ ಕ್ಷೇತ್ರ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ, ಟಿಎಲ್ಎಸ್‌ಗಳು ಒಂದನ್ನೊಂದು ಕೆಣಕುತ್ತಲೂ ಇರುತ್ತವೆ, ಹಾಗಾಗಿ ಇಳಿತ ವರ್ಗಮೂಲಕ್ಕಿಂತ ನಿಧಾನವಾಗಿರುವುದೇ ಜಾಸ್ತಿ.

ತಾಪಮಾನಕ್ಕೂ ಇದೇ ಕಥೆ. 5 ಗಿಗಾಹರ್ಟ್ಜ್ ಫೋಟಾನ್‌ನ ಶಕ್ತಿಯನ್ನು ತಾಪಮಾನಕ್ಕೆ ತಿರುಗಿಸಿದರೆ ಸುಮಾರು 240 ಮಿಲಿಕೆಲ್ವಿನ್. ಚಿಪ್ ಅನ್ನು 200 ಮಿಲಿಕೆಲ್ವಿನ್‌ಗೆ ಬಿಸಿ ಮಾಡಿದರೆ ಟಿಎಲ್ಎಸ್‌ಗಳು ಶಾಖದಿಂದಲೇ ಅರ್ಧಂಬರ್ಧ ತುಂಬಿಕೊಳ್ಳುತ್ತವೆ, ನಷ್ಟ ಹತ್ತಿರ ಹತ್ತಿರ ಅರ್ಧಕ್ಕೆ ಬರುತ್ತದೆ. ಟ್ಯಾಂಟಲಮ್ ಚಿಪ್‌ನಲ್ಲಿ ಇದನ್ನು ಚೆನ್ನಾಗಿ ನೋಡಬಹುದು: ಬಿಸಿ ಮಾಡುತ್ತಾ ಹೋದ ಹಾಗೆ ಕ್ಯೂ ಮೊದಲು ಏರುತ್ತದೆ, ಆಮೇಲೆ ಕ್ವಾಸಿಪಾರ್ಟಿಕಲ್‌ಗಳು ಹುಟ್ಟಲು ಶುರುವಾಗಿ ಧಡಕ್ಕಂತ ಬೀಳುತ್ತದೆ. ಅಲ್ಯೂಮಿನಿಯಂನಲ್ಲಿ ಈ ಎರಡು ಘಟನೆ ಒಂದರ ಮೇಲೊಂದು ಬಿದ್ದುಬಿಡುತ್ತವೆ, ಬಿಡಿಸುವುದು ಕಷ್ಟ. ವಸ್ತುವಿನ ನಷ್ಟ ಅಳೆಯಬೇಕಾದವರಿಗೆ ಇದೂ ಒಂದು ತಲೆನೋವು.

ಕ್ಯೂಬಿಟ್ ಕೆಲಸ ಮಾಡುವುದು ಒಂದೇ ಒಂದು ಫೋಟಾನ್‌ನಷ್ಟು ಶಕ್ತಿಯಲ್ಲಿ. ಅಂದರೆ ಹಸಿದ ಟಿಎಲ್ಎಸ್‌ಗಳ ನಡುವೆ, ತೀರಾ ಕೆಟ್ಟ ಜಾಗದಲ್ಲಿ. ಅದಕ್ಕೇ ರೆಸೊನೇಟರ್‌ನ ಕ್ಯೂ ಕೂಡ ಒಂದು ಫೋಟಾನ್‌ ಮಟ್ಟದಲ್ಲೇ ಹೇಳಬೇಕು. ಜಾಸ್ತಿ ಪವರ್‌ನಲ್ಲಿ ತೆಗೆದ ದೊಡ್ಡ ಸಂಖ್ಯೆಯನ್ನು ಮೇಲೆ ಬರೆದು, ಫೋಟಾನ್ ಸಂಖ್ಯೆಯನ್ನು ಎಲ್ಲೋ ಮೂಲೆಯಲ್ಲಿ ಬಚ್ಚಿಟ್ಟ ಬರಹ ನೋಡಿದರೆ ನನಗೆ ಆಮೇಲೆ ಓದುವ ಆಸಕ್ತಿಯೇ ಉಳಿಯುವುದಿಲ್ಲ.

ಇಲ್ಲಿ ಒಂದು ಮಾತು. ನೇರ ಕ್ಯೂಬಿಟ್ಟನ್ನೇ ಅಳೆಯಬಹುದಲ್ಲ, ರೆಸೊನೇಟರ್ ಯಾಕೆ ಬೇಕು ಅಂತ ಕೇಳುವವರಿದ್ದಾರೆ. ಕ್ಯೂಬಿಟ್‌ನಲ್ಲಿರುವ ಜೋಸೆಫ್ಸನ್ ಜಂಕ್ಷನ್, ಅಂದರೆ ಎರಡು ಸೂಪರ್‌ಕಂಡಕ್ಟರ್ ನಡುವೆ ತೆಳು ಇನ್ಸುಲೇಟರ್ ಇರುವ ಭಾಗ, ರೆಸೊನೇಟರ್‌ನಲ್ಲಿ ಇಲ್ಲ. ಒಂದು ಪದರ ಲೋಹ, ಒಂದು ಸಲ ಲಿಥೋಗ್ರಫಿ, ಒಂದು ಸಲ ಎಚ್ಚಿಂಗ್, ಮುಗಿಯಿತು. ನಷ್ಟ ಕಂಡರೆ ಅನುಮಾನಿಸಬೇಕಾದ ಹಂತಗಳು ಕಡಿಮೆ. ಅದಕ್ಕಿಂತ ಮುಖ್ಯ, ಕ್ಯೂಬಿಟ್‌ಗೆ ಎರಡೇ ಮಟ್ಟ, ಅದರೊಳಗೆ ಸಾವಿರ ಫೋಟಾನ್ ತುಂಬಲಾಗದು. ರೆಸೊನೇಟರ್‌ನಲ್ಲಿ ಒಂದು ಫೋಟಾನ್‌ನಿಂದ ಕೋಟಿ ಫೋಟಾನ್‌ವರೆಗೆ ಏರಿಸಿ ನೋಡಬಹುದು. ಪವರ್ ಏರಿಸಿದಾಗ ಮಾಯವಾಗುವ ನಷ್ಟ ಟಿಎಲ್ಎಸ್‌ನದು, ಏನು ಮಾಡಿದರೂ ಅಲ್ಲಾಡದ ನಷ್ಟ ಬೇರೆಯದು. ಹೀಗೆ ಪವರ್ ಏರಿಸಿ ಬಿಡಿಸಿ ನೋಡುವ ಅನುಕೂಲ ಕ್ಯೂಬಿಟ್‌ನಲ್ಲಿ ಇಲ್ಲ. ಸಮಯದ ಲೆಕ್ಕದಲ್ಲಿ ಹೇಳುವುದಾದರೆ, 5 ಗಿಗಾಹರ್ಟ್ಜ್‌ನಲ್ಲಿ ಕ್ಯೂ 10 ಲಕ್ಷ ಅಂದರೆ ಶಕ್ತಿ ಸುಮಾರು 32 ಮೈಕ್ರೋಸೆಕೆಂಡ್ ಬಾಳುತ್ತದೆ. 1 ಕೋಟಿ ಅಂದರೆ ಸುಮಾರು 320. ಕ್ಯೂಬಿಟ್‌ನಲ್ಲಿ ಶಕ್ತಿ ಬಾಳುವ ಸಮಯಕ್ಕೆ, ಅಂದರೆ ಟಿ1ಗೆ ಕೂಡ ಇದೇ ಸೂತ್ರ.

ಇನ್ನು ಅಳತೆ. ಚಿಪ್ ಮೇಲೆ ಒಂದು ಫೀಡ್‌ಲೈನ್, ಅಂದರೆ ಸಿಗ್ನಲ್ ಹರಿಯುವ ದಾರಿ, ಅದರ ಪಕ್ಕದಲ್ಲಿ ಹತ್ತು ಹಲವು ರೆಸೊನೇಟರ್, ಒಂದೊಂದಕ್ಕೆ ಒಂದೊಂದು ಫ್ರೀಕ್ವೆನ್ಸಿ, ಸಾಮಾನ್ಯವಾಗಿ 4ರಿಂದ 8 ಗಿಗಾಹರ್ಟ್ಜ್ ನಡುವೆ. ಒಂದು ಕಡೆಯಿಂದ ವೆಕ್ಟರ್ ನೆಟ್‌ವರ್ಕ್ ಅನಲೈಜರ್, ಅಂದರೆ ವಿಎನ್ಎ, ಸಿಗ್ನಲ್ ಕಳಿಸುತ್ತದೆ, ಇನ್ನೊಂದು ಕಡೆಯಿಂದ ಬಂದಿದ್ದನ್ನು ಓದುತ್ತದೆ. ರೆಸೊನೇಟರ್‌ನ ಫ್ರೀಕ್ವೆನ್ಸಿ ಬಂದಲ್ಲಿ ಒಂದು ಗುಂಡಿ ಬೀಳುತ್ತದೆ. ಕೇಳಲು ಇಷ್ಟೇ.

ಆದರೆ ಒಂದು ಫೋಟಾನ್ ಅಂದರೆ ಎಷ್ಟು ಪವರ್ ನೋಡಿ. 6 ಗಿಗಾಹರ್ಟ್ಜ್ ರೆಸೊನೇಟರ್, ಒಳಗಿನ ಕ್ಯೂ 10 ಲಕ್ಷ, ಕಪ್ಲಿಂಗ್ ಕ್ಯೂ (ಫೀಡ್‌ಲೈನ್ ಕಡೆಗೆ ಶಕ್ತಿ ಸೋರುವುದರ ಲೆಕ್ಕ) ಕೂಡ 10 ಲಕ್ಷ ಅಂತ ಇಟ್ಟುಕೊಂಡು ಲೆಕ್ಕ ಹಾಕಿದರೆ, ಅದರೊಳಗೆ ಸರಾಸರಿ ಒಂದು ಫೋಟಾನ್ ಇರಬೇಕಾದರೆ ಫೀಡ್‌ಲೈನ್‌ನಲ್ಲಿ ಹರಿಯಬೇಕಾದ ಪವರ್ ಸುಮಾರು ಮೈನಸ್ 155 ಡಿಬಿಎಂ (1 ಮಿಲಿವ್ಯಾಟ್‌ಗೆ ಹೋಲಿಸಿದ ಲಾಗ್ ಅಳತೆ, 10 ಇಳಿದರೆ ಪವರ್ ಹತ್ತು ಪಟ್ಟು ಕಡಿಮೆ). ವಿಎನ್ಎ ಮೈನಸ್ 50 ಡಿಬಿಎಂ ಕೊಟ್ಟರೂ ಅಲ್ಲಿಗೆ ಇಳಿಯಲು 100 ಡಿಬಿಗಿಂತ ಜಾಸ್ತಿ ಕಡಿತ ಬೇಕು. ಇದರಲ್ಲಿ 60–70 ಡಿಬಿಯಷ್ಟು ಅಟೆನ್ಯುಯೇಟರ್‌ಗಳನ್ನು ಫ್ರಿಜ್ ಒಳಗೇ, ಬೇರೆ ಬೇರೆ ತಣ್ಣನೆಯ ತಟ್ಟೆಗಳ ಮೇಲೆ ಕೂರಿಸುತ್ತಾರೆ. ಎಲ್ಲವನ್ನೂ ಹೊರಗೆ ಮೇಜಿನ ಮೇಲೆ ಹಾಕಿದರೆ ಆಗುವುದಿಲ್ಲವಾ? ಇಲ್ಲ. ಕೋಣೆಯ ತಾಪಮಾನದ ಕೇಬಲ್‌ನಲ್ಲಿ 6 ಗಿಗಾಹರ್ಟ್ಜ್ ಹತ್ತಿರ ಶಾಖದ ಗದ್ದಲವೇ ಸುಮಾರು 1000 ಫೋಟಾನ್‌ನಷ್ಟಿರುತ್ತದೆ. ಅದು ಚಿಪ್ ತಲುಪಿದರೆ ನಿಮ್ಮ ಟಿಎಲ್ಎಸ್‌ಗಳನ್ನು ಅದೇ ತುಂಬಿಸಿಬಿಡುತ್ತದೆ, ನೀವು ಒಂದು ಫೋಟಾನ್ ಕಳಿಸಿದೆ ಅಂದುಕೊಂಡು ಸುಳ್ಳು ಕ್ಯೂ ಬರೆದುಕೊಳ್ಳುತ್ತೀರಿ. ವಾಪಸ್ ಬರುವ ದಾರಿಯಲ್ಲಿ ಸಿಗ್ನಲನ್ನು ಒಂದೇ ದಿಕ್ಕಿಗೆ ಬಿಡುವ ಐಸೊಲೇಟರ್‌ಗಳು, ಆಮೇಲೆ 4 ಕೆಲ್ವಿನ್ ತಟ್ಟೆಯಲ್ಲಿ ಗದ್ದಲ ಕಡಿಮೆ ಇರುವ ಹೆಮ್ಟ್ ಆಂಪ್ಲಿಫೈಯರ್. ಅದರದ್ದೇ ಕೆಲವು ಕೆಲ್ವಿನ್ ಗದ್ದಲ ಇರುವುದರಿಂದ ಕಡಿಮೆ ಪವರ್‌ನ ಗ್ರಾಫ್‌ಗೆ ತುಂಬಾ ಸರಾಸರಿ ಬೇಕು. ಗಂಟೆಗಟ್ಟಲೆ ಕಾಯಬೇಕು. ರಾತ್ರಿ ಬಿಟ್ಟು ಬೆಳಿಗ್ಗೆ ಬಂದು ನೋಡುವ ಕೆಲಸ ಇದು.

ಚಿಪ್ ಹತ್ತಿರ ನಿಜವಾಗಿ ಎಷ್ಟು ಪವರ್ ತಲುಪಿತು ಅನ್ನುವುದರಲ್ಲಿ ಒಂದೆರಡು ಡಿಬಿ ಅನುಮಾನ ಯಾವಾಗಲೂ ಇರುತ್ತದೆ. ಕೇಬಲ್ ತಣ್ಣಗಾದಾಗ ಅದರ ನಷ್ಟ ಬದಲಾಗುತ್ತದೆ. ಇದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಫೋಟಾನ್ ಸಂಖ್ಯೆಯನ್ನು ಲಾಗ್ ಸ್ಕೇಲ್‌ನಲ್ಲಿ ಹಾಕುತ್ತೇವೆ, ಒಂದೂವರೆ ಪಟ್ಟು ಆಚೀಚೆ ಆದರೆ ಕಥೆ ಬದಲಾಗದು.

ತಲೆ ಕೆಡಿಸಿಕೊಳ್ಳಬೇಕಾದದ್ದು ಫಿಟ್ಟಿಂಗ್ ಬಗ್ಗೆ. ಗುಂಡಿಯ ಅಗಲದಿಂದ ನೇರವಾಗಿ ಸಿಗುವುದು ಒಟ್ಟು ಕ್ಯೂ. ಅದರಲ್ಲಿ ಎರಡು ದಾರಿಯ ಸೋರಿಕೆ ಸೇರಿದೆ: ಒಂದು ಒಳಗಿನ ನಿಜವಾದ ನಷ್ಟ, ಇನ್ನೊಂದು ನಾವೇ ಬೇಕಂತ ಇಟ್ಟ ಕಿಂಡಿ, ಅಂದರೆ ಫೀಡ್‌ಲೈನ್‌ಗೆ ಇರುವ ಕಪ್ಲಿಂಗ್. ಒಟ್ಟು ಕ್ಯೂನ ವಿಲೋಮ ಈ ಎರಡರ ವಿಲೋಮಗಳ ಮೊತ್ತ. ಈಗ ಒಳಗಿನ ಕ್ಯೂ 1 ಕೋಟಿ, ಕಪ್ಲಿಂಗ್ ಕ್ಯೂ 1 ಲಕ್ಷ ಇರುವ ಚಿಪ್ ಮಾಡಿದಿರಿ ಅನ್ನಿ. ಗುಂಡಿಯ ಅಗಲದಲ್ಲಿ ನಿಮಗೆ ಬೇಕಾದ ಸುದ್ದಿ ಬರೀ ನೂರರಲ್ಲಿ ಒಂದು ಪಾಲು! ಉಳಿದ 99 ಪಾಲು ಕಿಂಡಿಯದ್ದು. ಕಪ್ಲಿಂಗ್ ಲೆಕ್ಕದಲ್ಲಿ ಶೇಕಡ 1 ತಪ್ಪಿದರೆ ಒಳಗಿನ ಕ್ಯೂ ದುಪ್ಪಟ್ಟೂ ಆಗಬಹುದು, ಅನಂತವೂ ಆಗಬಹುದು, ನೆಗೆಟಿವ್ ಬಂದರೂ ಆಶ್ಚರ್ಯ ಇಲ್ಲ. ಉಲ್ಟಾ ಕಡೆಗೆ, ಕಪ್ಲಿಂಗ್ ತೀರಾ ಕಡಿಮೆ ಇದ್ದರೆ ಗುಂಡಿಯೇ ಕಾಣುವುದಿಲ್ಲ. ಎರಡೂ ಹೆಚ್ಚುಕಡಿಮೆ ಸಮ ಇರುವ ಹಾಗೆ ವಿನ್ಯಾಸ ಮಾಡಬೇಕು. ನಷ್ಟ ಎಷ್ಟಿದೆ ಅಂತ ಮೊದಲೇ ಗೊತ್ತಿಲ್ಲದಿರುವುದರಿಂದ ಒಂದೇ ಚಿಪ್‌ನಲ್ಲಿ ಬೇರೆ ಬೇರೆ ಕಪ್ಲಿಂಗ್ ಇರುವ ರೆಸೊನೇಟರ್ ಹಾಕುವುದು ಜಾಣತನ.

ಇನ್ನೊಂದು. ಗುಂಡಿಯನ್ನು ಬರೀ ಎತ್ತರವಾಗಿ, ಡಿಬಿಯಲ್ಲಿ ಮಾತ್ರ ನೋಡಬೇಡಿ. ಎಸ್21ರ (ಆಚೆ ತಲುಪಿದ ಸಿಗ್ನಲ್‌ಗೂ ಕಳಿಸಿದ್ದಕ್ಕೂ ಇರುವ ಅನುಪಾತದ) ರಿಯಲ್ ಭಾಗ, ಇಮ್ಯಾಜಿನರಿ ಭಾಗ ಎರಡನ್ನೂ ಹಾಕಿದರೆ ರೆಸೊನೆನ್ಸ್ ಒಂದು ವೃತ್ತವಾಗಿ ಕಾಣುತ್ತದೆ. ಆದರ್ಶ ಚಿಪ್‌ನಲ್ಲಿ ಆ ವೃತ್ತ ನೆಟ್ಟಗಿರುತ್ತದೆ. ನಿಜದಲ್ಲಿ ವೈರ್‌ಬಾಂಡ್, ಕನೆಕ್ಟರ್ ಹತ್ತಿರ ಇಂಪೆಡೆನ್ಸ್ ಹೊಂದದೆ ಸ್ವಲ್ಪ ಸಿಗ್ನಲ್ ಪುಟಿದು ಬರುವುದರಿಂದ ವೃತ್ತ ತಿರುಗಿ, ಗುಂಡಿ ಒಂದು ಕಡೆ ವಾಲುತ್ತದೆ. ಈ ವಾಲಿಕೆಯನ್ನು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವ ವಿಧಾನಗಳು 2010ರ ದಶಕದಲ್ಲಿ ಬಂದವು. ಮುಖ್ಯವಾದದ್ದು ಡಯಾಮೀಟರ್ ಕರೆಕ್ಷನ್ ಅನ್ನುವುದು: ಕಪ್ಲಿಂಗ್ ಕ್ಯೂ ಅನ್ನು ಕಾಂಪ್ಲೆಕ್ಸ್ ಸಂಖ್ಯೆ ಅಂತ ತೆಗೆದುಕೊಂಡು, ಅದರ ವಿಲೋಮದ ರಿಯಲ್ ಭಾಗವನ್ನು ಮಾತ್ರ ಕಳೆಯುವುದು. ಹಳೆಯ ಫೈ ರೊಟೇಶನ್ ವಿಧಾನ ವಾಲಿಕೆ ಜಾಸ್ತಿ ಇದ್ದಾಗ ಒಳಗಿನ ಕ್ಯೂ ಅನ್ನು ನಿಜಕ್ಕಿಂತ ಜಾಸ್ತಿ ತೋರಿಸುತ್ತದೆ. ಅದೇ ದತ್ತಾಂಶ, ಬೇರೆ ಸೂತ್ರ, ಬೇರೆ ಕ್ಯೂ. ನೀವು ಓದಿದ ಎರಡು ಪೇಪರ್‌ಗಳಲ್ಲಿ ಯಾವ ವಿಧಾನ ಬಳಸಿದ್ದಾರೆ, ಒಮ್ಮೆ ನೋಡಿ.

ಆದರೆ 10 ಲಕ್ಷ ಮತ್ತು 1 ಕೋಟಿ ನಡುವಿನ ಹತ್ತು ಪಟ್ಟು ಅಂತರಕ್ಕೆ ನನ್ನ ಮೊದಲ ಅನುಮಾನ ಫಿಟ್ಟಿಂಗ್ ಮೇಲಲ್ಲ, ಆಕಾರದ ಮೇಲೆ. ಕೋಪ್ಲೇನಾರ್ ರೆಸೊನೇಟರ್‌ನಲ್ಲಿ ನಡುವೆ ಒಂದು ಲೋಹದ ಪಟ್ಟಿ, ಎರಡೂ ಕಡೆ ಖಾಲಿ ಸಂದು, ಆಚೆ ಗ್ರೌಂಡ್. ಸಂದು 2–3 ಮೈಕ್ರಾನ್ ಇದ್ದರೆ ವಿದ್ಯುತ್ ಕ್ಷೇತ್ರ ಆ ಇಕ್ಕಟ್ಟಿನಲ್ಲಿ, ಲೋಹದ ಅಂಚುಗಳಲ್ಲಿ, ಆ ಕೊಳಕು ಪದರಗಳೊಳಗೇ ಒತ್ತಾಗಿ ಇರುತ್ತದೆ. ಸಂದನ್ನು ಹತ್ತಾರು ಮೈಕ್ರಾನ್‌ಗೆ ಅಗಲ ಮಾಡಿದರೆ ಕ್ಷೇತ್ರ ಹರಡಿಕೊಂಡು, ಹೆಚ್ಚಿನ ಭಾಗ ಶುದ್ಧ ಹರಳಿನಲ್ಲಿ ಮತ್ತು ನಿರ್ವಾತದಲ್ಲಿ ಕೂರುತ್ತದೆ. ಮೇಲ್ಮೈಯ ಪಾಲು ಕಡಿಮೆ, ಕ್ಯೂ ಜಾಸ್ತಿ. ಲೋಹ ಅದೇ, ಆಕ್ಸೈಡ್ ಅದೇ, ಆದರೂ ಕ್ಯೂ ಮಾತ್ರ ಬೇರೆ.

ಒಟ್ಟು ಶಕ್ತಿಯಲ್ಲಿ ಒಂದು ಪದರದೊಳಗೆ ಇರುವ ಭಾಗಕ್ಕೆ ಪಾರ್ಟಿಸಿಪೇಶನ್ ಅನ್ನುತ್ತಾರೆ. ಇದನ್ನು ಅಳೆಯುವುದಿಲ್ಲ, ಕಂಪ್ಯೂಟರ್‌ನಲ್ಲಿ ಸಿಮ್ಯುಲೇಟ್ ಮಾಡುತ್ತಾರೆ. ಉದಾಹರಣೆಗೆ, ಮೇಲ್ಮೈ ಪದರದಲ್ಲಿ ಶಕ್ತಿಯ ಸಾವಿರದಲ್ಲಿ ಒಂದು ಭಾಗ ಇದೆ, ಆ ಪದರದ ಲಾಸ್ ಟ್ಯಾಂಜೆಂಟ್ (ಅದರೊಳಗಿನ ಶಕ್ತಿಯಲ್ಲಿ ನಷ್ಟವಾಗುವ ಪಾಲಿನ ಅಳತೆ) ಕೂಡ ಸಾವಿರದಲ್ಲಿ ಒಂದು ಅಂದರೆ, ಗುಣಿಸಿದರೆ ಹತ್ತು ಲಕ್ಷದಲ್ಲಿ ಒಂದು. ಕ್ಯೂ 10 ಲಕ್ಷ. ಪಾಲು ಹತ್ತು ಪಟ್ಟು ಇಳಿದರೆ ಕ್ಯೂ 1 ಕೋಟಿ. ನೀವು ಕೇಳಿದ ಎರಡು ಸಂಖ್ಯೆಗಳು ಇಲ್ಲೇ ಸಿಕ್ಕವು ನೋಡಿ. ಈ ಲಾಸ್ ಟ್ಯಾಂಜೆಂಟ್ ಇದೆಯಲ್ಲ, ಅದೇ ವಸ್ತುವಿನ ಗುಣ. ಅದು ಬೇಕಿದ್ದರೆ ಕ್ಯೂ ಅನ್ನು ಪಾಲಿನಿಂದ ಬಿಡಿಸಬೇಕು.

ಬಿಡಿಸುವುದು ಹೇಗೆ? ಒಂದೇ ವೇಫರ್‌ನಿಂದ, ಒಂದೇ ದಿನ ಮಾಡಿದ, ಬೇರೆ ಬೇರೆ ಸಂದಿನ ರೆಸೊನೇಟರ್‌ಗಳನ್ನು ಅಳೆಯಬೇಕು. ಪಾಲಿನ ಜೊತೆ ನಷ್ಟ ಸರಳ ರೇಖೆಯಲ್ಲಿ ಏರಿದರೆ ನಷ್ಟ ಮೇಲ್ಮೈಯದ್ದು. ಒಂದು ಹಂತದ ಮೇಲೆ ಎಷ್ಟು ಅಗಲ ಮಾಡಿದರೂ ಕ್ಯೂ ಏರದೆ ನಿಂತುಬಿಟ್ಟರೆ ಅಲ್ಲಿ ಸಬ್‌ಸ್ಟ್ರೇಟೋ ಡಬ್ಬಿಯೋ ಮಾತಾಡುತ್ತಿದೆ. ಆದರೆ ಇಷ್ಟರಿಂದ ಯಾವ ಮೇಲ್ಮೈ ಅಂತ ಗೊತ್ತಾಗದು. ಲೋಹ–ಗಾಳಿ, ಲೋಹ–ಸಬ್‌ಸ್ಟ್ರೇಟ್, ಸಬ್‌ಸ್ಟ್ರೇಟ್–ಗಾಳಿ, ಮೂರೂ ಪಾಲುಗಳು ಒಟ್ಟಿಗೇ ಏರುತ್ತವೆ, ಒಟ್ಟಿಗೇ ಇಳಿಯುತ್ತವೆ. ಅದಕ್ಕೆ ಸಂದಿನ ಸಿಲಿಕಾನನ್ನು ಆಳವಾಗಿ ಕೆತ್ತಿ, ಲೋಹದ ಅಂಚಿನ ಕೆಳಗೂ ಸ್ವಲ್ಪ ಕೊರೆದು, ಒಂದರ ಪಾಲನ್ನು ಮಾತ್ರ ಬದಲಿಸುವ ಪ್ರಯತ್ನ ಮಾಡುತ್ತಾರೆ. ನನಗೆ ಈ ಕ್ಷೇತ್ರದಲ್ಲಿ ತುಂಬಾ ಇಷ್ಟವಾದ ಪ್ರಯೋಗಗಳು ಇವೇ. ಹೊಸ ದಾಖಲೆ ಇರುವುದಿಲ್ಲ, ಹೆಚ್ಚು ಜನ ಓದುವುದೂ ಇಲ್ಲ, ಆದರೆ ಮುಂದೆ ಏನು ತೊಳೆಯಬೇಕು ಅಂತ ಹೇಳುವುದು ಅವು ಮಾತ್ರ.

ಆಕಾರದ ಮಾತು ಎಷ್ಟು ದೊಡ್ಡದು ಅನ್ನುವುದಕ್ಕೆ ಅಮೆರಿಕದ ಫರ್ಮಿಲ್ಯಾಬ್ ಪ್ರಯೋಗಾಲಯದ ಉದಾಹರಣೆ ಸಾಕು. ಕಣ ವೇಗವರ್ಧಕಕ್ಕೆ ಮಾಡುವ ನಿಯೋಬಿಯಂ ಕ್ಯಾವಿಟಿಗಳನ್ನು 2020ರಲ್ಲಿ ಅವರು ಮಿಲಿಕೆಲ್ವಿನ್‌ಗೆ ಇಳಿಸಿ ಅಳೆದಾಗ ಫೋಟಾನ್ 2 ಸೆಕೆಂಡ್‌ವರೆಗೆ ಬಾಳಿತು. ಮೈಕ್ರೋ ಅಲ್ಲ, ಮಿಲಿ ಅಲ್ಲ, ಸೆಕೆಂಡ್! ದೊಡ್ಡ ಖಾಲಿ ಗೂಡಿನಲ್ಲಿ ಕ್ಷೇತ್ರ ಹೆಚ್ಚುಕಡಿಮೆ ಪೂರ್ತಿ ನಿರ್ವಾತದಲ್ಲೇ ಇರುತ್ತದೆ. ಅಲ್ಲೂ ಕೊನೆಗೆ ತಡೆಯುತ್ತಿದ್ದದ್ದು ನಿಯೋಬಿಯಂ ಆಕ್ಸೈಡೇ. ಕ್ಯಾವಿಟಿಯನ್ನು ನಿರ್ವಾತದಲ್ಲಿ 340ರಿಂದ 450 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಆ ಆಕ್ಸೈಡ್ ತೆಗೆದಾಗ ನಷ್ಟ ತುಂಬಾ ಇಳಿಯಿತು. ಇದನ್ನು ನೋಡಿ ನಿಯೋಬಿಯಂ ಟ್ಯಾಂಟಲಮ್‌ಗಿಂತ ಒಳ್ಳೆಯದು ಅನ್ನಲಾಗದು. ಚಿಪ್ ಮೇಲೆ ಕಥೆಯೇ ಬೇರೆ. 2021ರಲ್ಲಿ ಪ್ರಿನ್ಸ್‌ಟನ್ ಗುಂಪು ನಿಯೋಬಿಯಂ ಜಾಗದಲ್ಲಿ ಟ್ಯಾಂಟಲಮ್ ಹಾಕಿ, ಟ್ರಾನ್ಸ್‌ಮಾನ್ ಅನ್ನುವ ಬಗೆಯ ಕ್ಯೂಬಿಟ್‌ನ ಟಿ1 ಅನ್ನು 0.3 ಮಿಲಿಸೆಕೆಂಡ್ ದಾಟಿಸಿತು. 2025ರಲ್ಲಿ ಅಲ್ಲಿಯವರೇ ಸಿಲಿಕಾನ್ ಮೇಲೆ 1 ಮಿಲಿಸೆಕೆಂಡ್ ದಾಟಿದರು. ಟ್ಯಾಂಟಲಮ್‌ನ ಆಕ್ಸೈಡ್ ತೆಳ್ಳಗೆ, ಹೆಚ್ಚುಕಡಿಮೆ ಒಂದೇ ತರಹ ಇರುತ್ತದೆ, ಆ್ಯಸಿಡ್ ಹಾಕಿ ತೊಳೆದರೂ ಲೋಹ ತಡೆದುಕೊಳ್ಳುತ್ತದೆ. ಅದರ ದೊಡ್ಡ ಗುಣ ನನ್ನ ಪ್ರಕಾರ ಇದೇ: ಅದನ್ನು ಚೆನ್ನಾಗಿ ತೊಳೆಯಬಹುದು.

ಪವರ್‌ಗೆ ಬಗ್ಗದ ನಷ್ಟಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಫ್ರಿಜ್‌ನ ಬಿಸಿ ತಟ್ಟೆಗಳಿಂದ ಇನ್‌ಫ್ರಾರೆಡ್ ಬೆಳಕು ಸೋರಿ ಚಿಪ್ ಮೇಲೆ ಬಿದ್ದರೆ ಕೂಪರ್ ಜೋಡಿ ಒಡೆಯುತ್ತವೆ. ಡಬ್ಬಿಗೆ ಬೆಳಕು ಹೋಗದ ಹಾಗೆ ಮುಚ್ಚಳ, ಒಳಗೆ ಕಪ್ಪು ಲೇಪ, ಕೇಬಲ್‌ಗೆ ಇನ್‌ಫ್ರಾರೆಡ್ ಫಿಲ್ಟರ್ ಬೇಕು. ಇನ್ನು ಕಾಂತಕ್ಷೇತ್ರ. ಚಿಪ್ ತಣ್ಣಗಾಗುವಾಗ ಭೂಮಿಯ ಕಾಂತಕ್ಷೇತ್ರ ಹಾಗೇ ಇದ್ದರೆ ಅದು ಸಣ್ಣ ಸಣ್ಣ ಸುಳಿಗಳಾಗಿ, ಅಂದರೆ ವೋರ್ಟೆಕ್ಸ್‌ಗಳಾಗಿ ಲೋಹದಲ್ಲಿ ಸಿಕ್ಕಿಬೀಳುತ್ತದೆ. 40 ಮೈಕ್ರೋಟೆಸ್ಲಾ ಪೂರ್ತಿ ಸಿಕ್ಕಿಬಿದ್ದರೆ, ಲೆಕ್ಕದ ಪ್ರಕಾರ ಅಗಲವಾದ ಲೋಹದಲ್ಲಿ ಸುಮಾರು 50 ಚದರ ಮೈಕ್ರಾನ್‌ಗೆ ಒಂದು ವೋರ್ಟೆಕ್ಸ್. ಕರೆಂಟ್ ಹರಿದಾಗ ಅವು ಅಲ್ಲಾಡಿ ಶಕ್ತಿ ತಿನ್ನುತ್ತವೆ. ಅದಕ್ಕೇ ಕಾಂತಕ್ಷೇತ್ರ ತಡೆಯುವ ಮ್ಯೂ–ಮೆಟಲ್ ಕವಚ. ಡಬ್ಬಿಯ ಮುಚ್ಚಳದಲ್ಲೇ ಒಂದು ರೆಸೊನೆನ್ಸ್ ಇದ್ದು ನಿಮ್ಮ ಫ್ರೀಕ್ವೆನ್ಸಿಯ ಹತ್ತಿರ ಬಂದರೆ ಅದೂ ನುಂಗುತ್ತದೆ. ಇವೆಲ್ಲ ಇರುವಾಗ ವಸ್ತುವನ್ನು ಬೈಯುವುದು ಅನ್ಯಾಯ.

ಸಮಯದ ಸಂಗತಿಯನ್ನು ತುಂಬಾ ಜನ ಮರೆಯುತ್ತಾರೆ. ಟಿಎಲ್ಎಸ್‌ಗಳು ಸ್ಥಿರ ಅಲ್ಲ. ಇವತ್ತು ನಿಮ್ಮ ಫ್ರೀಕ್ವೆನ್ಸಿಗೆ ಹೊಂದಿ ಕೂತಿದ್ದು ನಾಳೆ ಸರಿದುಹೋಗುತ್ತದೆ. ಒಂದು ಫೋಟಾನ್ ಮಟ್ಟದಲ್ಲಿ ಅದೇ ರೆಸೊನೇಟರ್‌ನ ಕ್ಯೂ ಗಂಟೆ ಗಂಟೆಗೂ ಬದಲಾಗುವುದು ಸಾಮಾನ್ಯ. ಫ್ರಿಜ್ ಒಮ್ಮೆ ಬಿಸಿ ಮಾಡಿ ಮತ್ತೆ ತಣ್ಣಗೆ ಮಾಡಿದರೆ ಹೊಸ ಜೋಡಣೆ. ಹಾಗಾಗಿ ಒಂದು ರೆಸೊನೇಟರ್‌ನ ಒಂದು ಒಳ್ಳೆಯ ದಿನದ ಕ್ಯೂ ಅನ್ನು ನಾನು ಲೆಕ್ಕಕ್ಕೆ ಇಡುವುದಿಲ್ಲ. ಹಲವು ರೆಸೊನೇಟರ್, ಹಲವು ಸಲ, ಮಧ್ಯಮ ಬೆಲೆ ಮತ್ತು ಹರಡಿಕೆ ಎರಡೂ ಕೊಟ್ಟವರನ್ನು ನಂಬುತ್ತೇನೆ. ಚಿಪ್ ತೊಳೆದ ಮೇಲೆ ಎಷ್ಟು ಹೊತ್ತು ಗಾಳಿಯಲ್ಲಿತ್ತು ಅಂತ ಬರೆದಿದ್ದರೆ ಇನ್ನೂ ಜಾಸ್ತಿ.

ರಾತ್ರಿಯೆಲ್ಲ ಕಾಯದೆ ಟಿಎಲ್ಎಸ್ ನಷ್ಟ ತಿಳಿಯುವ ಇನ್ನೊಂದು ಉಪಾಯ ಇದೆ, ಪ್ರಾಜೆಕ್ಟ್‌ಗೆ ಚೆನ್ನಾಗಿ ಒಗ್ಗುತ್ತದೆ. ಚಿಪ್‌ನ ತಾಪಮಾನ ನಿಧಾನ ಏರಿಸುತ್ತಾ ಬರೀ ಫ್ರೀಕ್ವೆನ್ಸಿ ನೋಡಿ. ಅದು ಮೊದಲು ಒಂಚೂರು ಇಳಿದು ಆಮೇಲೆ ಏರುತ್ತದೆ. ಹತ್ತು ಲಕ್ಷದಲ್ಲಿ ಒಂದರಷ್ಟು ಟಿಎಲ್ಎಸ್ ನಷ್ಟ ಇರುವ 6 ಗಿಗಾಹರ್ಟ್ಜ್ ರೆಸೊನೇಟರ್‌ನಲ್ಲಿ, 20 ಮಿಲಿಕೆಲ್ವಿನ್‌ನಿಂದ 800ರವರೆಗೆ ಹೋದರೆ ಈ ಬದಲಾವಣೆ ಒಂದೆರಡು ಕಿಲೋಹರ್ಟ್ಜ್. ಇದಕ್ಕೆ ಕಾರಣ ದೂರದ ಫ್ರೀಕ್ವೆನ್ಸಿಯ ಟಿಎಲ್ಎಸ್‌ಗಳೂ ಸೇರಿ ತಳ್ಳುವುದು, ಆದ್ದರಿಂದ ಜಾಸ್ತಿ ಪವರ್ ಹಾಕಿದರೂ ಇದು ಮಾಯವಾಗುವುದಿಲ್ಲ. ಬೇಗ ಬೇಗ ಅಳೆಯಬಹುದು. ಕೊರತೆ ಅಂದರೆ, ಇದು ಕೊಡುವುದು ಅಗಲವಾದ ಸರಾಸರಿ. ನಿಮ್ಮ ಫ್ರೀಕ್ವೆನ್ಸಿಯಲ್ಲೇ ಕೂತ ಆ ಒಂದು ತುಂಟ ಟಿಎಲ್ಎಸ್ ಇದರಲ್ಲಿ ಕಾಣುವುದಿಲ್ಲ. ಅಲ್ಯೂಮಿನಿಯಂಗೆ ಈ ಉಪಾಯ ಅಷ್ಟು ಚೆನ್ನಾಗಿ ನಡೆಯದು, ಟ್ಯಾಂಟಲಮ್ ಅಥವಾ ನಿಯೋಬಿಯಂ ಇಟ್ಟುಕೊಳ್ಳಿ.

ಕೊನೆಯ ಪ್ರಶ್ನೆ, ದ್ರವ ಹೀಲಿಯಂ. 4.2 ಕೆಲ್ವಿನ್‌ನಲ್ಲಿ ಅಲ್ಯೂಮಿನಿಯಂ ಸೂಪರ್‌ಕಂಡಕ್ಟರೇ ಅಲ್ಲ. ಟ್ಯಾಂಟಲಮ್ ಅಂಚಿನಲ್ಲಿದೆ, ಪ್ರಯೋಜನ ಇಲ್ಲ. ಉಳಿದದ್ದು ನಿಯೋಬಿಯಂ. ಅದರಲ್ಲಿ ರೆಸೊನೆನ್ಸ್ ಕಾಣುತ್ತದೆ. ಆದರೆ ಆ ತಾಪಮಾನದಲ್ಲಿ 6 ಗಿಗಾಹರ್ಟ್ಜ್‌ನ ಟಿಎಲ್ಎಸ್‌ಗಳು ಶಾಖದಿಂದಲೇ ತುಂಬಿಹೋಗಿ, ನೂರರಲ್ಲಿ ಮೂರು ನಾಲ್ಕು ಪಾಲು ಮಾತ್ರ ನುಂಗುತ್ತವೆ. ಅದನ್ನೂ ಕ್ವಾಸಿಪಾರ್ಟಿಕಲ್ ನಷ್ಟ ಮುಚ್ಚಿಹಾಕುತ್ತದೆ. ಅಂದರೆ ಕ್ಯೂಬಿಟ್‌ಗೆ ಬೇಕಾದ ನಷ್ಟ ಅಲ್ಲಿ ಸಿಗುವುದಿಲ್ಲ. ಯಾರಾದರೂ 4 ಕೆಲ್ವಿನ್ ಕ್ಯೂ ತೋರಿಸಿ ಇದು ಕ್ವಾಂಟಮ್ ಕಂಪ್ಯೂಟರ್‌ಗೆ ಒಳ್ಳೆಯ ಫಿಲ್ಮ್ ಅಂದರೆ ಒಪ್ಪಬೇಡಿ.

ಹಾಗಂತ ಹೀಲಿಯಂ ವ್ಯರ್ಥ ಅಲ್ಲ. ವಿನ್ಯಾಸ ಮಾಡಿದ ಫ್ರೀಕ್ವೆನ್ಸಿ ಬಂತಾ, ಡಬ್ಬಿಯ ರೆಸೊನೆನ್ಸ್ ಎಲ್ಲಿದೆ, ವೈರ್‌ಬಾಂಡ್‌ನಿಂದ ವೃತ್ತ ಎಷ್ಟು ವಾಲಿದೆ, ನಿಮ್ಮ ಫಿಟ್ಟಿಂಗ್ ಕೋಡ್ ಸರಿಯಿದೆಯಾ, ಇಷ್ಟನ್ನೂ ನಿಯೋಬಿಯಂ ಚಿಪ್ ಅನ್ನು ಡಿಪ್‌ಸ್ಟಿಕ್‌ಗೆ ಕಟ್ಟಿ ಹೀಲಿಯಂ ಡಬ್ಬಕ್ಕೆ ಇಳಿಸಿಯೇ ನೋಡಬಹುದು. ಹೀಲಿಯಂ ಆವಿಯನ್ನು ಪಂಪ್ ಮಾಡಿ 1.5 ಕೆಲ್ವಿನ್ ಹತ್ತಿರ ಇಳಿಸಲು ಆದರೆ ಕ್ವಾಸಿಪಾರ್ಟಿಕಲ್ ನಷ್ಟ ತುಂಬಾ ಇಳಿಯುತ್ತದೆ, ಚಿತ್ರ ಇನ್ನೂ ಚೆನ್ನಾಗಿ ಬರುತ್ತದೆ. ಕೋಡ್‌ಗೆ ಮಾತ್ರ ಮೊದಲು ನೀವೇ ಸೃಷ್ಟಿಸಿದ ಸುಳ್ಳು ದತ್ತಾಂಶ ಕೊಡಿ. ಕ್ಯೂ ಎಷ್ಟು ಅಂತ ನಿಮಗೆ ಗೊತ್ತಿರುವ ವೃತ್ತಕ್ಕೆ ವಾಲಿಕೆ, ಗದ್ದಲ ಸೇರಿಸಿ, ಅದೇ ಕ್ಯೂ ವಾಪಸ್ ಬರುತ್ತದಾ ನೋಡಿ. ಬರದಿದ್ದರೆ ಹೀಲಿಯಂ ಖರ್ಚು ಮಾಡಬೇಡಿ.

ಡೈಲ್ಯೂಷನ್ ಫ್ರಿಜ್‌ಗೆ ನೀವು ಬೆಂಗಳೂರಿನ ಹತ್ತಿರ ಇದ್ದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಚಾರಿಸಿ. 2023ರಲ್ಲಿ ಒಪ್ಪಿಗೆ ಸಿಕ್ಕ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ನಲ್ಲಿ ಕ್ವಾಂಟಮ್ ಕಂಪ್ಯೂಟಿಂಗ್‌ನ ಹಬ್ ಅಲ್ಲೇ ಇದೆ, ಸೂಪರ್‌ಕಂಡಕ್ಟಿಂಗ್ ಸರ್ಕ್ಯೂಟ್ ಮೇಲೆ ಕೆಲಸ ಮಾಡುವ ಗುಂಪೂ ಇದೆ. ಮುಂಬೈನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್ಆರ್) ಇದೆ. ಫ್ರಿಜ್‌ನ ಸಮಯ ದುಬಾರಿ. ಹೋಗುವಾಗ 4 ಕೆಲ್ವಿನ್ ಗ್ರಾಫ್, ಪಾರ್ಟಿಸಿಪೇಶನ್ ಲೆಕ್ಕ, ನಡೆಯುವ ಕೋಡ್ ಕೈಯಲ್ಲಿದ್ದರೆ ನಿಮ್ಮ ಚಿಪ್ ಅನ್ನು ಬೇರೆಯವರ ಚಿಪ್ ಪಕ್ಕದಲ್ಲಿ ಕೂರಿಸಿಕೊಳ್ಳಲು ಯಾರಾದರೂ ಒಪ್ಪುವ ಸಾಧ್ಯತೆ ಜಾಸ್ತಿ.